ಅತ್ತೆಯ ಪಾಠಕ್ಕೆ ಕಪ್ಪು ಹೆಡ್‌ಸೆಟ್

ಮಾರ್ಚ್ 12, ಬೆಳಗ್ಗೆ 7.40

ಅತ್ತೆ,

“ಮಕ್ಕಳಿಗೆ ಕೇಳಿಸ್ತಿಲ್ಲ, ನನ್ನ ಗಂಟಲೇ ಸೋತಿದೆ, ಇನ್ನು ಕಂಪ್ಯೂಟರ್‌ನಲ್ಲಿ ಪಾಠ ಮಾಡೋದು ಸಾಕು ಕಣೇ” ಎಂದು ನಿನ್ನೆ ಹೇಳಿದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನೀವು ಒಂದೇ ಲೆಕ್ಕವನ್ನು ಮೂರು ಹೆಡ್‌ಸೆಟ್‌ಗಳಲ್ಲಿ ಹೇಳಿಕೊಟ್ಟಿದ್ದನ್ನು ರೆಕಾರ್ಡ್ ಮಾಡಿದ್ದೆನಲ್ಲ, ಈಗಷ್ಟೇ ಕೇಳಿದೆ. ಹಳೆಯದರಲ್ಲಿ ನಿಮಗಿಂತ ಫ್ಯಾನೇ ಜೋರಾಗಿ ಪಾಠ ಮಾಡುತ್ತಿದೆ. ಹೊಸ ಬಿಳಿಯದರಲ್ಲಿ ಧ್ವನಿ ಚೆನ್ನಾಗಿದೆ, ಆದರೆ ಅದು ನಿಮ್ಮ ಕನ್ನಡಕವನ್ನು ಒತ್ತುತ್ತದೆ. ಹೊಸ ಕಪ್ಪು ಬಣ್ಣದ್ದು ಒತ್ತುವುದೂ ಇಲ್ಲ, ನೀವು ನಡುವೆ ನನ್ನನ್ನು ಗದರಿದ್ದು ಕೂಡ ಅದರಲ್ಲಿ ಸ್ಪಷ್ಟವಾಗಿದೆ! ಬಿಳಿಯದನ್ನು ಅಂಗಡಿಗೆ ಹಿಂದಿರುಗಿಸಲು ಒಯ್ಯುತ್ತಿದ್ದೇನೆ.

ಗಂಟಲಿಗೇನೂ ಆಗಿಲ್ಲ. ಹತ್ತು ಗಂಟೆಯ ಪಾಠ ತಪ್ಪಿಸಬೇಡಿ.

ಮುಖಕ್ಕೆ ಅಡ್ಡ ಬರುತ್ತದೆಂದು ಮೈಕನ್ನು ಹಣೆಗೆ ಏರಿಸಬೇಡಿ, ದಯವಿಟ್ಟು. ಸ್ಕೇಲಿಟ್ಟು ಅಳೆದಿದ್ದೇನೆ: ತುಟಿಯಿಂದ ಮೈಕಿಗೆ ನಾಲ್ಕು ಸೆಂಟಿಮೀಟರ್.