ಲಾಸ್ಟ್ ಅಲ್ಲ, ಮಿಸ್ಸಿಂಗ್

ಪರ್ವರಿ, ಗೋವಾ
೧೮ ಜೂನ್ ೨೦೨೪, ಮಂಗಳವಾರ

ತಮ್ಮ ಸಾಬೀರನಿಗೆ,

ಮೊದಲು "ಪ್ರೀತಿಯ" ಎಂದು ಬರೆದು ಆಮೇಲೆ ಹೊಡೆದು ಹಾಕಿದೆ. ಮೇಲೆ ಗೀಚಿರುವುದು ಅದೇ. ಅದಕ್ಕಾಗಿ ಇನ್ನೊಂದು ಹಾಳೆ ತೆಗೆದುಕೊಳ್ಳುವಷ್ಟು ಮರ್ಯಾದೆ ನಿನಗೆ ಬೇಡ ಎನಿಸಿತು. ನಿನ್ನ ಆರೋಗ್ಯ ಹೇಗಿದೆ? ಕೇಳುವುದು ಪದ್ಧತಿ, ಅದಕ್ಕೇ ಕೇಳುತ್ತಿದ್ದೇನೆ. ಮಸ್ಕತ್ತಿನ ಬಿಸಿಲಿಗೆ ನಿನ್ನ ಮೂಗಿನಿಂದ ರಕ್ತ ಬಂತೆಂದು ಅಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ. ಈಗ ನಿಂತಿರಬೇಕು. ಇಲ್ಲಿ ಮಳೆಗೆ ಅವಳ ಮಂಡಿ ನೋವು ಜಾಸ್ತಿಯಾಗಿದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ನಿನ್ನ ಭಾವ ಶಫೀಸಾಬರು ಫೋಂಡಾ ಕಡೆಗೆ ಟೆಂಪೋ ಓಡಿಸುತ್ತಿದ್ದಾರೆ. ನನ್ನ ಮಗಳು ಫಿರ್ದೋಸ ಹನ್ನೊಂದನೆಯ ಕ್ಲಾಸಿಗೆ ಬಂದಳು. ನಿನ್ನೆ ಬಕ್ರೀದ್. ಅಮ್ಮ ನಿನ್ನ ಪಾಲಿನ ಬಿರಿಯಾನಿಯನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟು, ಸಂಜೆಗೆ ಅದನ್ನು ನನ್ನ ಕೈಗೇ ಕೊಟ್ಟು, "ತಮ್ಮನ ಹೆಸರಿಲೆ ನೀನ ಉಣ್ಣು" ಎಂದಳು. ಉಂಡೆ. ಒಂದೊಂದು ತುತ್ತನ್ನೂ ನೀರು ಕುಡಿದು ನುಂಗಿದೆ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನ್ ಮಾಡಿದರೆ ನನ್ನ ಹೆಸರು ನೋಡಿ ಕಟ್ ಮಾಡುತ್ತೀ. ವಾಯ್ಸ್ ಮೆಸೇಜ್ ಕಳಿಸಿದರೆ ಅರ್ಧ ಕೇಳಿ ಹೆಬ್ಬೆರಳಿನ ಚಿತ್ರ ಹಾಕುತ್ತೀ. ನಿನ್ನ ಭಾವನ ಜೊತೆ ಟೆಂಪೋ ಓಡಿಸುತ್ತಿದ್ದ ಹಾರೂನ ಈ ಶುಕ್ರವಾರ ಮಸ್ಕತ್ತಿಗೆ ಹೊರಟಿದ್ದಾನೆ. ಕಾಗದವನ್ನು ನಿನ್ನ ಕೈಯಲ್ಲೇ ಕೊಡಬೇಕು, ಕೊನೆಯ ಸಾಲು ಓದುವ ತನಕ ಎದುರಿಗೆ ಕುಳಿತಿರಬೇಕು ಎಂದು ಹೇಳಿದ್ದೇನೆ. ಅವನು ಮೊಂಡ, ಕೂರುತ್ತಾನೆ. ಅವನಿಗೆ ಚಹಾ ಕೊಡು.

ವಿಷಯ ನಿನಗೆ ಗೊತ್ತಿರುವುದೇ. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಕಲಂಗುಟ್‌ನ ನಮ್ಮ ಹೋಟೆಲಿನ ಹನ್ನೊಂದನೆಯ ರೂಮಿನಲ್ಲಿದ್ದ ಪುಣೆಯ ಹೆಂಗಸಿನ ಒಂದು ಓಲೆ ಕಾಣದಾಯಿತು. ಒಂದು ಓಲೆ, ಸಾಬೀರ. ಅದರ ಜೋಡಿ ಕನ್ನಡಿಯ ಮುಂದೆಯೇ ಇತ್ತು. ಎರಡರಲ್ಲಿ ಒಂದನ್ನೇ ಕದ್ದು ಒಂದೇ ಕಿವಿಗೆ ಹಾಕಿಕೊಂಡು ತಿರುಗುವ ಕಳ್ಳಿಯನ್ನು ನೀನು ಎಲ್ಲಾದರೂ ನೋಡಿದ್ದೀಯಾ? ಆ ಹೆಂಗಸು ಸಮುದ್ರದಲ್ಲಿ ಮುಳುಗೆದ್ದು ಬಂದಿದ್ದಳು, ಕೂದಲಲ್ಲಿ ಇನ್ನೂ ಮರಳಿತ್ತು. ರಿಸೆಪ್ಷನ್ನಿನಲ್ಲಿ ನಿನ್ನ ಮುಂದೆ ನಿಂತು ಅವಳು ಹೇಳಿದ ಮಾತನ್ನು ನಾನು ಟವೆಲ್ ಗಾಡಿ ಹಿಡಿದುಕೊಂಡು ಕೇಳಿದ್ದೇನೆ. ಅದರಲ್ಲಿ ಇದ್ದದ್ದು "ಲಾಸ್ಟ್" ಎನ್ನುವ ಶಬ್ದ. ನನಗೆ ಇಂಗ್ಲಿಷ್ ಬರುವುದಿಲ್ಲ, ಒಪ್ಪಿದೆ. ಆದರೆ ಗೆಸ್ಟ್‌ಗಳು ಬಿಟ್ಟುಹೋದ ಚಾರ್ಜರು, ಕಪ್ಪು ಕನ್ನಡಕ, ಒಂಟಿ ಚಪ್ಪಲಿಗಳಿಗೆ ಚೀಟಿ ಹಚ್ಚಿ ನಾನು ಹನ್ನೊಂದು ವರ್ಷ ತುಂಬಿಟ್ಟ ಕಪಾಟಿನ ಮೇಲೆ ಬರೆದಿದ್ದ "ಲಾಸ್ಟ್ ಅಂಡ್ ಫೌಂಡ್"ನ ಮೊದಲ ಶಬ್ದವೇ ಅದು.

ನೀನು ಲಾಗ್ ಬುಕ್ ತೆಗೆದು, ತಲೆ ಎತ್ತದೆ, "ಮಿಸ್ಸಿಂಗ್ ಫ್ರಮ್ ರೂಮ್" ಎಂದು ಬರೆದೆ. ಆಗಿನ ಮ್ಯಾನೇಜರ್ ಅದನ್ನು ಓದಿದ ಕೂಡಲೇ ಕೇಳಿದ್ದು, ಆ ರೂಮು ಗುಡಿಸಿದವರು ಯಾರು ಎಂದು. ಕೀ ಪುಸ್ತಕದಲ್ಲಿ ನನ್ನ ಸಹಿ ಒಂದೇ ಇತ್ತು. ಲಾಂಡ್ರಿ ಕೋಣೆಯಲ್ಲಿ ಚಂಪಾಬಾಯಿಯ ಕೈಯಿಂದ ನನ್ನ ಮೈ ತಡಕಿಸಿದರು. ಒಂಬತ್ತು ವರ್ಷ ನನ್ನ ಜೊತೆ ಹಾಸಿಗೆ ಹೊದಿಕೆ ಮಡಚಿದವಳು ಅವಳು. ಕಣ್ಣು ಮುಚ್ಚಿಕೊಂಡು ತಡಕಿದಳು. ಊಟದ ಡಬ್ಬಿ ಬಿಚ್ಚಿಸಿ, ಪಲ್ಯದಲ್ಲಿ ಚಮಚ ಹಾಕಿ ತಿರುವಿದರು. ಪುಣೆಯ ಹೆಂಗಸು ಬೇಡ ಬೇಡ ಎನ್ನುತ್ತಾ ಅಳುವಂತಾದಳು. ಓಲೆ ಸಿಗಲಿಲ್ಲ. ಮರುದಿನ ನನಗೆ ಕೆಲಸವೂ ಇರಲಿಲ್ಲ. ಅದೇ ಹೋಟೆಲಿಗೆ ನಿನ್ನನ್ನು ಸೇರಿಸಿದವಳು ನಾನು. ನನ್ನ ತಮ್ಮ ಪಿಯುಸಿ ಪಾಸು, ಇಂಗ್ಲಿಷ್ ಮಾತಾಡುತ್ತಾನೆ ಎಂದು ಮುರುಕು ಹಿಂದಿಯಲ್ಲಿ ಮ್ಯಾನೇಜರ್ ಮುಂದೆ ಹಲ್ಲು ಗಿಂಜಿದವಳು ನಾನು.

ಅವತ್ತು ಮನೆಯಲ್ಲಿ ನಿನ್ನನ್ನು ಕೇಳಿದಾಗ ನೀನು ಹೇಳಿದ್ದು ನನಗೆ ಬಾಯಿಪಾಠ ಆಗಿದೆ: "ಎರಡೂ ಒಂದ ಅರ್ಥ ಆಪಾ. ಕಳೀತು ಅಂದ್ರೂ ಅಷ್ಟ, ಕಾಣವಲ್ದು ಅಂದ್ರೂ ಅಷ್ಟ. ನಿನಗ ಇಂಗ್ಲಿಷ್ ತಿಳಿಯಂಗಿಲ್ಲ, ಸುಮ್ನ ಕೂಡು." ಸುಮ್ಮನೆ ಕೂತೆ. ನಂಬಿ ಕೂತೆ ಎಂದುಕೊಳ್ಳಬೇಡ. ನಿನ್ನ ಎದುರು ವಾದ ಮಾಡಲು ನನ್ನ ಹತ್ತಿರ ಮಾತಿರಲಿಲ್ಲ. ಈಗ ಇದೆ.

ಪರ್ವರಿಯಲ್ಲಿ ನಾನು ಕೆಲಸ ಮಾಡುವ ನಾಲ್ಕು ಮನೆಗಳಲ್ಲಿ ಒಂದು ರಿಟೈರಾದ ಇಂಗ್ಲಿಷ್ ಟೀಚರರದು. ಹೋದ ತಿಂಗಳು ಅವರನ್ನೇ ಕೇಳಿದೆ, ಟೀಚರ್ ಬಾಯಿ, ಲಾಸ್ಟ್ ಅಂದರೂ ಮಿಸ್ಸಿಂಗ್ ಅಂದರೂ ಒಂದೇನಾ ಎಂದು. ಮೊದಲು ಅವರೂ ಒಂದೇ ಎಂದರು, ನಿನಗೆ ಖುಷಿಯಾಗಲಿ. ಎಷ್ಟೋ ಕಡೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ನಡೆಯುತ್ತದಂತೆ. ಆಮೇಲೆ ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಾನು ಕನ್ನಡಕ ಲಾಸ್ಟ್ ಮಾಡಿಕೊಂಡೆ ಎಂದರೆ ನೀನು ಯಾರ ಕಡೆ ನೋಡುತ್ತೀ ಎಂದರು. ನಿಮ್ಮ ಕಡೆ ಎಂದೆ. ಮೇಜಿನ ಮೇಲಿದ್ದ ಕನ್ನಡಕ ಮಿಸ್ಸಿಂಗ್ ಎಂದರೆ? ಉತ್ತರ ಹೇಳುವ ಮೊದಲೇ ನಾನು ನನ್ನ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ. ಟೀಚರ್ ಬಾಯಿ ಅದನ್ನು ನೋಡಿ, ತಿಳಿಯಿತಲ್ಲ ಎಂದರು. ಲಾಸ್ಟ್ ಎನ್ನುವಾಗ ಕಳೆದುಕೊಂಡವರೇ ಮುಂದೆ ನಿಂತು ಹೇಳುತ್ತಾರೆ, ನನ್ನ ಕೈಯಿಂದ ಹೋಯಿತು ಎಂದು. ಮಿಸ್ಸಿಂಗ್ ಎಂದರೆ ಇರಬೇಕಾದ ಜಾಗದಲ್ಲಿ ಇಲ್ಲ, ಅಷ್ಟೇ. ಹೇಗೆ ಹೋಯಿತೆಂದು ಆ ಶಬ್ದ ಹೇಳುವುದಿಲ್ಲ. ಆದರೆ ಆ ಜಾಗದ ಹತ್ತಿರ ಯಾರಿದ್ದರು ಎಂದು ಎಲ್ಲರೂ ತಿರುಗಿ ನೋಡುತ್ತಾರೆ.

ಅಂದಿನಿಂದ ನನಗೆ ಇದೇ ಹುಚ್ಚು. ಟೀಚರ್ ಬಾಯಿಯ ಓಣಿಯ ಕರೆಂಟ್ ಕಂಬಕ್ಕೆ ಒಂದು ಬಿಳಿ ನಾಯಿಯ ಫೋಟೋ ಅಂಟಿಸಿ ಲಾಸ್ಟ್ ಎಂದು ಬರೆದಿದ್ದಾರೆ. ಮನೆಯವರೇ ಗೇಟು ತೆರೆದಿಟ್ಟು ಮರೆತಿದ್ದರಂತೆ. ಪೊಲೀಸ್ ಠಾಣೆಯ ಗೋಡೆಗೆ ಒಬ್ಬ ಹುಡುಗಿಯ ಫೋಟೋ ಇದೆ, ಅದರ ಮೇಲೆ ಮಿಸ್ಸಿಂಗ್. ಫಿರ್ದೋಸ ಓದಿ ಹೇಳಿದಳು. ಅದನ್ನು ನೋಡಿದವರು ಯಾರೂ ಪಾಪ ದಾರಿ ತಪ್ಪಿದಳು ಎನ್ನುವುದಿಲ್ಲ, ಯಾರು ಕರೆದುಕೊಂಡು ಹೋದರು ಎಂದೇ ಕೇಳುತ್ತಾರೆ. ನೀನು ಅಮ್ಮನಿಗೆ ತಿಂಗಳಿಗೊಮ್ಮೆ "ಮಿಸ್ ಯೂ" ಎಂದು ಕೆಂಪು ಹೃದಯ ಕಳಿಸುತ್ತೀಯಲ್ಲ, ಅವಳು ಅದನ್ನು ಓಣಿಯವರಿಗೆಲ್ಲ ತೋರಿಸುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಎರಡೂ ಒಂದೇ ಅರ್ಥವಾಗಿದ್ದರೆ ಆ ಹೆಂಗಸು ಹೇಳಿದ ಶಬ್ದವನ್ನೇ ಯಾಕೆ ಬರೆಯಲಿಲ್ಲ? ಅದು ಚಿಕ್ಕದೂ ಆಗಿತ್ತು, ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರವಂತೆ.

ನೀನು ಆ ಮ್ಯಾನೇಜರ್ ಕೊಟ್ಟ ಒಳ್ಳೆಯ ನಡತೆಯ ಪತ್ರ ಹಿಡಿದುಕೊಂಡು ವಿಮಾನ ಹತ್ತಿದೆ. ನಾನು ಕಲಂಗುಟ್‌ನಲ್ಲಿ ಆರು ಹೋಟೆಲು ಹತ್ತಿ ಇಳಿದೆ. ಎಲ್ಲರೂ ಹಳೆಯ ಹೋಟೆಲಿಗೆ ಒಂದು ಫೋನ್ ಮಾಡುತ್ತಿದ್ದರು, ಫೋನ್ ಇಟ್ಟ ಮೇಲೆ ನನ್ನ ಕೈಚೀಲದ ಕಡೆ ನೋಡುತ್ತಿದ್ದರು. ಅಮ್ಮನಿಗೆ ಸೊಂಟನೋವಿಗೆ ಕೆಲಸ ಬಿಟ್ಟೆ ಎಂದು ಹೇಳಿದ್ದೇನೆ. ನಾಲ್ಕು ಮನೆಯ ನೆಲ ಒರೆಸಿದರೆ ಸೊಂಟ ನೋಯುವುದಿಲ್ಲವೇ ಎಂದು ಅವಳು ಇವತ್ತಿಗೂ ಕೇಳಿಲ್ಲ.

ಈಗ ಹೋಟೆಲಿಗೆ ಹೊಸ ಮ್ಯಾನೇಜರ್ ಬಂದಿದ್ದಾರೆ, ಹೆಂಗಸು. ಅಕ್ಟೋಬರಿನ ಸೀಸನ್ನಿಗೆ ಹೌಸ್‌ಕೀಪಿಂಗ್ ನೋಡಿಕೊಳ್ಳಲು ಹಳಬರೊಬ್ಬರು ಬೇಕಂತೆ. ಚಂಪಾಬಾಯಿ ನನ್ನ ಹೆಸರು ಹೇಳಿದಳು. ಹೋದ ಶನಿವಾರ ಮೇಡಂ ನನ್ನನ್ನು ಕರೆಸಿ ಕೂರಿಸಿದರು. ಆ ಹೋಟೆಲಿನಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಆಮೇಲೆ ಹಳೆಯ ಲಾಗ್ ಬುಕ್ ತರಿಸಿ, ನಿನ್ನ ದುಂಡಗಿನ ಅಕ್ಷರದ ಮೇಲೆ ಬೆರಳಿಟ್ಟು, ಬರೆದವನೇ ಇದು ತಪ್ಪು ಎಂದು ಬರೆದುಕೊಡದೆ ನಿಮಗೆ ಕೆಲಸ ಕೊಡಲಾರೆ ಎಂದರು. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಕರೆದಿದ್ದಾರೆ. ಇನ್ನೊಂದು ಸುದ್ದಿಯೂ ಅವರಿಂದಲೇ ತಿಳಿಯಿತು. ನೀನು ಅದೇ ಹೋಟೆಲಿಗೆ ಫ್ರಂಟ್ ಆಫೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದೀಯಂತೆ, ಅಕ್ಟೋಬರಿಗೆ ಬರುತ್ತೀಯಂತೆ. ಅಮ್ಮನಿಗೂ ಹೇಳದ ಸುದ್ದಿಯನ್ನು ಪರರ ಬಾಯಿಂದ ಕೇಳಿ, ಮೊದಲೇ ಗೊತ್ತಿದ್ದವಳ ಹಾಗೆ ತಲೆಯಾಡಿಸಿ ಬಂದೆ.

ನೀನು ಬರೆಯಬೇಕಾದದ್ದು ಮೂರು ಸಾಲು. ಗೆಸ್ಟ್ ಹೇಳಿದ್ದು ಲಾಸ್ಟ್. ನಾನು ಬರೆದದ್ದು ಮಿಸ್ಸಿಂಗ್. ತಪ್ಪು ನನ್ನದು. ಇಂಗ್ಲಿಷಿನಲ್ಲೇ ಬರೆದು ಸಹಿ ಹಾಕಿ ಹೋಟೆಲಿಗೆ ಇ-ಮೇಲ್ ಮಾಡು. ಫಿರ್ದೋಸ ಓದುತ್ತಾಳೆ, ಟೀಚರ್ ಬಾಯಿಯೂ ಓದುತ್ತಾರೆ. ಕ್ಷಮಿಸು ಆಪಾ ಎಂದು ಅಳುವ ಮೆಸೇಜು ನನಗೆ ಬೇಡ.

ಅಮ್ಮ ನಿನಗೆ ದುವಾ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣು ಎಂದಿದ್ದಾಳೆ. ನಿನ್ನ ಭಾವ ಸಲಾಂ ತಿಳಿಸಿದ್ದಾರೆ, ಅವರು ಯಾರಿಗಾದರೂ ತಿಳಿಸುತ್ತಾರೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಅಕ್ಕ,
ರಜಿಯಾ

ತಾ.ಕ.: ಹಾರೂನ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ನಾನು ರೂಮು ಮುಗಿಸಿ ಬೀಗ ಹಾಕಿದ ಮೇಲೆ ನೀನು ಮಾಸ್ಟರ್ ಕೀ ತೆಗೆದುಕೊಂಡು ಒಳಗೆ ಹೋಗಿ, ಎ.ಸಿ. ಹಾಕಿಕೊಂಡು ಆ ಹೆಂಗಸಿನ ಹಾಸಿಗೆಯ ಮೇಲೆ ಮಲಗಿದ್ದೆ. ಕೀ ಪುಸ್ತಕದಲ್ಲಿ ಬರೆಯಲಿಲ್ಲ. ನೀನು ಹೊರಗೆ ಬಂದದ್ದನ್ನು ನಾನು ಕಂಡೆ, ಕೆನ್ನೆಯ ಮೇಲೆ ದಿಂಬಿನ ಗೆರೆಯಿತ್ತು. ಅವಳು ಬರುವುದರೊಳಗೆ ಆ ಹಾಸಿಗೆಯನ್ನು ಎರಡನೆಯ ಸಲ ಸರಿಮಾಡಿದವಳು ನಾನು. ಓಲೆ ನೀನು ತೆಗೆದೆ ಎನ್ನುವುದಿಲ್ಲ, ಅಷ್ಟು ಧೈರ್ಯ ನಿನಗಿಲ್ಲ. ಆದರೆ ಎ.ಸಿ. ಯಾರು ಹಾಕಿದ್ದರು ಎಂದು ಅವಳು ಕೇಳಿದಾಗ ನೀನು ಬೆವತೆ, ಎಲ್ಲರೂ ನನ್ನ ಕಡೆ ನೋಡಲಿ ಎಂದು ಆ ಶಬ್ದ ಬರೆದೆ. ರೂಮಿಗೆ ಬೇರೆ ಯಾರು ಹೋಗಿದ್ದರು ಎಂದು ಮ್ಯಾನೇಜರ್ ಮೂರು ಸಲ ಕೇಳಿದರು. ನೀನು ಪಕ್ಕದಲ್ಲೇ ನಿಂತಿದ್ದೆ. ನಾನೇ ಯಾರೂ ಇಲ್ಲ ಎಂದೆ. ಸೋಮವಾರ ಹತ್ತು ಗಂಟೆಯೊಳಗೆ ನಿನ್ನ ಮೂರು ಸಾಲು ಬಂದರೆ ಮೇಡಂಗೂ ಯಾರೂ ಇಲ್ಲ ಎಂದೇ ಹೇಳುತ್ತೇನೆ. ಬಾರದಿದ್ದರೆ ನಿನ್ನ ಹೆಸರು ಹೇಳುತ್ತೇನೆ, ಅಮ್ಮನ ಮುಂದೆಯೂ.