ಕೆಂಚಿಯ ಗೆರೆ

೧೧ ಫೆಬ್ರವರಿ ೨೦೨೬, ಬುಧವಾರ. ಪುರವರ.

ಇವತ್ತೂ ಕೆಂಚಿಯ ಗೆರೆಯೇ ತಲೆ ತಿಂದಿತು. ನಮ್ಮ ಈ ಕುರಿಯ ಕೊರಳಿಗೆ ಕಟ್ಟಿದ ಸೆನ್ಸರ್ ಪಟ್ಟಿ ಅಲುಗಿದಂತೆಲ್ಲ ಪರದೆಯ ಮೇಲೆ ಗೆರೆ ಏರಿಳಿಯುತ್ತದೆ. ಪಕ್ಕದಲ್ಲಿ ಓಡುವ ದೊಡ್ಡಿಯ ವಿಡಿಯೋ ನೋಡಿ 'ಮೇವು', 'ಮೆಲುಕು', 'ನಿದ್ದೆ' ಎಂದು ಗುರುತು ಹಾಕಿ ಕಂಪ್ಯೂಟರಿಗೆ ಕಲಿಸುವುದು ನನ್ನ ಕೆಲಸ. ಸಂಜೆ ಮಾತ್ರ ಕೆಂಚಿ ಕಲ್ಲಿನಂತೆ ನಿಂತಿರುತ್ತಾಳೆ, ಗೆರೆ ಕುಣಿಯುತ್ತದೆ. ಇಷ್ಟು ದಿನ 'ಯಂತ್ರದೋಷ' ಎಂದು ಹಾಕಿ ಮುಂದೆ ಹೋಗುತ್ತಿದ್ದೆ. ದೋಷ ಹೆಚ್ಚಾದರೆ ಕೆಂಚಿಯನ್ನೇ ಪಟ್ಟಿಯಿಂದ ಕೈಬಿಡುತ್ತೇವೆ ಎಂದು ಈ ಕೆಲಸ ಕೊಟ್ಟಿರುವ ಹರ್ಷಿತಾ ಮೇಡಂ ಬೆಳಿಗ್ಗೆ ಫೋನ್ ಮಾಡಿದ್ದರು.

ಅದಕ್ಕೇ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಸಿದೆ. ಚಿತ್ರದ ಅಂಚಿನಲ್ಲಿ ಹಸಿರು ಗಾಜಿನ ಬಳೆ, ಪಟ್ಟಿಯ ಕೆಳಗೆ ತೂರಿದ ಬೆರಳುಗಳು.

ಅವ್ವನನ್ನು ಕೂಗಿ ತೋರಿಸಿದೆ. "ಪಟ್ಟಿ ಕಟ್ಟಿದ್ ಕಡೆ ಕಡೀತದೆ ಕಣಮ್ಮ. ಅದು ತಾನೇ ಹೆಂಗೆ ತುರಿಸ್ಕೊಂಡಾತು? ದಿನಾ ಸಂಜೆ ನಾನೇ ಕೆರೀತೀನಿ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ತಪ್ಪಾಯ್ತಾ?"

ತಪ್ಪೇನು ಬಂತು! 'ಅವ್ವನ ಕೈ' ಎಂದೇ ಹೊಸ ಗುರುತು ಮಾಡಿದೆ. ಮೇಡಂ ನಕ್ಕು ಒಪ್ಪಿದರು. ಹಳೆಯ ದೋಷಗಳನ್ನೆಲ್ಲ ಖುಷಿಯಾಗಿ ತಿದ್ದುತ್ತಾ ಕೂತೆ. ಒಂದು ಸಂಜೆ ಮಾತ್ರ ಗೆರೆ ಅಲುಗಿಯೇ ಇಲ್ಲ. ಅವತ್ತು ಅವ್ವನಿಗೆ ಜ್ವರ. ವಿಡಿಯೋದಲ್ಲಿ ಕೆಂಚಿ ಅದೇ ಅಂಚಿಗೆ ಬಂದು ಕತ್ತು ಚಾಚಿ ನಿಂತೇ ಇದ್ದಾಳೆ.

ಅದಕ್ಕಿನ್ನೂ ಗುರುತು ಹಾಕಿಲ್ಲ.