ಗಾಡಿ ನಿಲ್ಲಿಸಿದ ಧರ್ಮರಾಜುವಿನ ಅಪರಾಧ

ಬಸವನಗುಡಿ,
೧೯೨೪ನೆಯ ಇಸವಿ ಮಾರ್ಚಿ

ಕಾಡು ಕಾಯುವ ಇಲಾಖೆಯ ಮೇಲಧಿಕಾರಿಗಳಾದ ಮಾನ್ಯರೇ,

ಕಾನಕಾನಹಳ್ಳಿ ರಸ್ತೆಯಲ್ಲಿ ಕಡವೆಯೊಂದಕ್ಕೆ ಮೋಟಾರು ಗುದ್ದಿಸಿದ್ದಕ್ಕಾಗಿ ನೀವು ಚಾಮರಾಜಪೇಟೆಯ ಧರ್ಮರಾಜುವಿನ ಮೇಲೆ ಮೊಕದ್ದಮೆ ಹೂಡಿದ್ದೀರೆಂದು ಊರು ತಿಳಿದುಕೊಂಡಿದೆ. ಅದು ಸುಳ್ಳು. ಗುದ್ದಿಸಿದ್ದನ್ನು ತಾನಾಗಿ ನಿಮ್ಮ ಚೌಕಿಗೆ ಬಂದು ಹೇಳಿದ್ದಕ್ಕಾಗಿ ನೀವು ಮೊಕದ್ದಮೆ ಹೂಡಿದ್ದೀರಿ. ಹೇಳದೆ ಹೋಗಿದ್ದರೆ ಅವನು ಈ ಹೊತ್ತಿಗೂ ಮರ್ಯಾದಸ್ಥ ಡ್ರೈವರಾಗಿ ಉಳಿದಿರುತ್ತಿದ್ದ. ಲೈಸೆನ್ಸು ಅವನ ಜೇಬಿನಲ್ಲಿರುತ್ತಿತ್ತು.

ನಿಮ್ಮ ಕಚೇರಿಯ ಆರೋಪಪಟ್ಟಿಯನ್ನು ನಾನು ಎರಡು ಸಲ ಓದಿದೆ. "ಅಪ್ಪಣೆಯಿಲ್ಲದೆ, ಮೋಟಾರೆಂಬ ಸಾಧನದಿಂದ, ಬೇಟೆಯಾಡಿದ್ದಾನೆ" ಎಂದು ಬರೆದಿದ್ದೀರಿ. ಎಂಥ ಬೇಟೆಗಾರ ನೋಡಿ! ಹಿಂದಿನ ಸೀಟಿನಲ್ಲಿ ಹೆರಿಗೆ ಮಾಡಿಸುವ ಹೆಂಗಸನ್ನೂ ಅವಳ ಬಿಸಿನೀರಿನ ಪಾತ್ರೆಗಳನ್ನೂ ಕೂರಿಸಿಕೊಂಡು ಶಿಕಾರಿಗೆ ಹೊರಟವನು.

ಆ ಹೆಂಗಸು ನಾನೇ. ಪ್ಲೇಗಿಗೆ ಹೆದರಿ ಪೇಟೆ ಬಿಟ್ಟು ಈ ಕಡೆ ಮನೆ ಕಟ್ಟಿಕೊಂಡವರ ಮಕ್ಕಳು ಮೊಮ್ಮಕ್ಕಳನ್ನು ಇಪ್ಪತ್ತು ವರ್ಷದಿಂದ ಈ ಕೈಗಳಲ್ಲಿ ಹಿಡಿದಿದ್ದೇನೆ. ಎಲ್ಲರೂ ನನ್ನನ್ನು ನರ್ಸಮ್ಮ ಎನ್ನುತ್ತಾರೆ. ಜನವರಿಯ ಒಂದು ಶನಿವಾರ ಸಂಜೆ ಚಾಮರಾಜಪೇಟೆಯ ಅಂಗಡಿಕಾರ ದೊಡ್ಡಬೈರಪ್ಪ ಏದುಸಿರು ಬಿಡುತ್ತ ಬಂದ. ಕಾನಕಾನಹಳ್ಳಿ ರಸ್ತೆಯಲ್ಲಿರುವ ಹಳ್ಳಿಯಲ್ಲಿ ಅವನ ಹೆಂಡತಿ ತಿಮ್ಮಕ್ಕನಿಗೆ ಚೊಚ್ಚಲ ಹೆರಿಗೆ. ಬೆಳಗಿನಿಂದ ನೋವು ತಿನ್ನುತ್ತಿದ್ದಾಳೆ, ಮಗುವಿನ ಕೈ ಮೊದಲು ಬಂದುಬಿಟ್ಟಿದೆ. ಬಾಡಿಗೆಗೆ ಹಿಡಿದಿದ್ದ ಮೋಟಾರು ಬಾಗಿಲಲ್ಲೇ ನಿಂತಿತ್ತು. ಓಡಿಸುವವನು ಧರ್ಮರಾಜು.

ಕಗ್ಗಲೀಪುರ ದಾಟಿ, ನಿಮ್ಮ ಚೌಕಿಯನ್ನೂ ದಾಟಿ, ಕಾಡು ರಸ್ತೆಯ ಎರಡು ಬದಿಗೂ ಒತ್ತಿಕೊಂಡು ಬರುವ ತಿರುವಿದೆಯಲ್ಲ, ಅಲ್ಲಿಗೆ ಹೋಗುವಾಗ ಹೊತ್ತು ಮುಳುಗಿತ್ತು. ಎಡಗಡೆಯಿಂದ ಒಂದು ಹೆಣ್ಣು ಕಡವೆ ಹಾರಿತು. ಧರ್ಮರಾಜು ಬ್ರೇಕು ಒತ್ತಿದ. ಆದರೂ ಸದ್ದು ಕೇಳಿಸಿತು. ಆ ಸದ್ದನ್ನು ನಾನು ವಿವರಿಸಲಾರೆ. ಇಳಿದು ನೋಡಿದರೆ ಪ್ರಾಣಿಯ ಹಿಂಗಾಲುಗಳೆರಡೂ ಮುರಿದಿದ್ದವು. ಮುಂಗಾಲೂರಿ ಏಳಲು ನೋಡುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳಲು ನೋಡುತ್ತಿತ್ತು.

ಧರ್ಮರಾಜು ಅದರ ಮುಂದೆ ಕುಕ್ಕರಿಸಿದವನು ಏಳಲಿಲ್ಲ.

"ಅಮ್ಮಾ, ಇದು ಬದುಕಲ್ಲ. ಹಿಂಗೇ ಬಿಟ್ಟು ಹೋಗೋಕಾಗಲ್ಲ," ಅಂದ.

ದೊಡ್ಡಬೈರಪ್ಪ ಕೈ ಮುಗಿದು ನನ್ನ ಮುಖ ನೋಡಿದ. ನಾನು ಹೇಳಿದೆ: "ಅಲ್ಲೊಬ್ಳು ಸಾಯ್ತಾ ಇದಾಳೆ ಧರ್ಮರಾಜು. ಏಳಪ್ಪ, ಗಾಡಿ ಓಡ್ಸು."

ಅವನು ಎದ್ದ. ಕಡವೆಯನ್ನು ಹಾಗೇ ಬಿಟ್ಟು ಹೊರಟೆವು. ಮಾನ್ಯರೇ, ಓಡಿಸು ಎಂದು ಅಪ್ಪಣೆ ಕೊಟ್ಟವಳು ನಾನು. ನಿಮ್ಮ ಆರೋಪಪಟ್ಟಿಯಲ್ಲಿ ನನ್ನ ಹೆಸರು ಏಕಿಲ್ಲ?

ತಿಮ್ಮಕ್ಕನ ಹೆರಿಗೆ ಬಹಳ ಕಷ್ಟದ್ದಾಯಿತು. ನಡುವೆ ಧರ್ಮರಾಜು ಬಾಗಿಲಾಚೆಯಿಂದ ಕೇಳಿದ: "ಅಮ್ಮಾ, ಒಂದ್ಸಲ ಹೋಗಿ ಅದನ್ನ ನೋಡ್ಕೊಂಡು ಬಂದ್ಬಿಡ್ಲಾ?" ಇವಳನ್ನು ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಗಾಡಿ ಎಲ್ಲಿಂದ ತರಲಿ ಎಂದು ಗದರಿದೆ. ಮತ್ತೆ ಅವನು ಕೇಳಲಿಲ್ಲ. ಬೆಳಗಾಗುವ ಮುಂಚೆ ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು. ಮನೆಯವರು ಧರ್ಮರಾಜುವಿಗೆ ಬೆಲ್ಲ ಕೊಟ್ಟರೆ ಅವನು ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತಿದ್ದ.

ಹಿಂತಿರುಗುವಾಗ ನಾನು ಆ ತಿರುವಿನಲ್ಲಿ ಬೇರೆ ಕಡೆ ನೋಡಬೇಕೆಂದುಕೊಂಡಿದ್ದೆ. ಆಗಲಿಲ್ಲ. ಕಡವೆ ಇನ್ನೂ ಬದುಕಿತ್ತು. ತೆವಳಿ ತೆವಳಿ ರಸ್ತೆಯ ಅಂಚಿಗೆ ಬಂದು ಮಲಗಿತ್ತು. ಅದರ ಪಕ್ಕೆ ಏರಿಳಿಯುತ್ತಿತ್ತು.

ಧರ್ಮರಾಜು ನೆಟ್ಟಗೆ ನಿಮ್ಮ ಚೌಕಿಗೆ ಹೋಗಿ ಕಾವಲುಗಾರನನ್ನು ಕರೆದುತಂದ. "ನಾನೇ ಹೊಡ್ದಿದ್ದು ಸ್ವಾಮಿ, ನಿನ್ನೆ ಸಂಜೆ. ನಿಮ್ಮತ್ರ ಬಂದೂಕೈತಲ್ಲ, ಇದರ ನೋವು ಮುಗಿಸ್ಬಿಡಿ," ಎಂದು ಬೇಡಿಕೊಂಡ.

"ಮೇಲಿನ ಹುಕುಂ ಇಲ್ದೆ ಕಾಡುಪ್ರಾಣಿ ಮೇಲೆ ಕೈ ಮಾಡಂಗಿಲ್ಲ ಕಣಯ್ಯ."

"ಹಂಗಾದ್ರೆ ಹುಕುಂ ತರ್ಸಿ. ಗಾಡಿ ಐತೆ, ನಾನೇ ಹೋಗಿ ತರ್ತೀನಿ."

"ಇವತ್ತು ಭಾನುವಾರ. ಕಚೇರೀಲಿ ಯಾರಿದಾರೆ?"

ಕಾವಲುಗಾರನನ್ನು ನಾನು ದೂರುವುದಿಲ್ಲ. ತನ್ನ ಚೊಂಬಿನಲ್ಲೇ ನೀರು ತಂದು ಅದರ ಬಾಯಿಗೆ ಬಿಟ್ಟ. ಆದರೆ ಅವನಿಗೆ ಕೊಲ್ಲುವ ಅಧಿಕಾರವಿಲ್ಲ, ಬದುಕಿಸುವ ವಿದ್ಯೆಯಿಲ್ಲ. ನಾವು ಮೂವರೂ ಬಿಸಿಲೇರುವವರೆಗೆ ಅದರ ಪಕ್ಕ ಕುಳಿತೆವು. ಧರ್ಮರಾಜು ತನ್ನ ಹೊದಿಕೆಯನ್ನು ಎತ್ತಿಹಿಡಿದು ಅದರ ಮುಖಕ್ಕೆ ನೆರಳು ಮಾಡಿದ. ನೋವನ್ನು ನೋಡುವುದೇ ನನ್ನ ಕಸುಬು. ಆದರೆ ನಾನು ನೋಡುವ ನೋವಿಗೆ ಕೊನೆಯಲ್ಲಿ ಒಂದು ಅರ್ಥವಿರುತ್ತದೆ. ಈ ನೋವಿಗೆ ಏನಿತ್ತು? ಮಧ್ಯಾಹ್ನ ತಿರುಗಿದ ಮೇಲೆ ಪ್ರಾಣ ಹೋಯಿತು. ಆಗ ಕಾವಲುಗಾರ ಪುಸ್ತಕ ಬಿಡಿಸಿ, ಧರ್ಮರಾಜುವಿನ ಮುಖ ನೋಡದೆ ಕೇಳಿದ: "ಹೆಸರೇನಯ್ಯ ನಿಂದು?"

ಬದುಕಿದ್ದ ಕಡವೆಯ ಬಗ್ಗೆ ಬಾಯಿಬಿಡದ ಕಾನೂನಿಗೆ, ಅದು ಸತ್ತ ಗಳಿಗೆಯಲ್ಲೇ ಎಷ್ಟೊಂದು ಮಾತು ಬಂದುಬಿಟ್ಟಿತು! ಅದೇ ತಿಂಗಳು ಅದೇ ಚೌಕಿಯ ಮುಂದೆ ಶಿಕಾರಿಯವರ ಎರಡು ಮೋಟಾರು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅವರ ಬಳಿ ನಿಮ್ಮ ರುಜುವಿದ್ದ ಕಾಗದವಿತ್ತು. ಸಂತೋಷಕ್ಕೆ ಕೊಲ್ಲುವವನಿಗೆ ಕೊಡಲು ನಿಮ್ಮಲ್ಲಿ ಕಾಗದವಿದೆ. ಕೈಮೀರಿ ಕೊಂದು ಅಳುವವನಿಗೆ ಕೊಡಲು ಯಾವ ಕಾಗದವೂ ಇಲ್ಲವೆ?

ಧರ್ಮರಾಜು ಈಗ ಅಕ್ಕ ದ್ರೌಪದಮ್ಮನ ತೋಟದ ಸೊಪ್ಪನ್ನು ಬುಟ್ಟಿಯಲ್ಲಿ ಹೊತ್ತು ಬಸವನಗುಡಿಯ ಬೀದಿಗಳಲ್ಲಿ ಮಾರುತ್ತಿದ್ದಾನೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಆಕೆ ನನ್ನೆದುರಿಗೇ ತಮ್ಮನನ್ನು ಬೈದಳು: "ಎಲ್ರಂಗೆ ನೀನೂ ಸುಮ್ನೆ ಬಂದ್ಬಿಡೋದಲ್ವೇನೋ? ಯಾವ ದೊಡ್ಡಮನುಷ್ಯ ಅಂತ ಚೌಕಿಗೆ ಹೋದೆ?" ಅವನು ಸೊಪ್ಪಿನ ಬುಟ್ಟಿಯನ್ನು ಮೂಲೆಗಿಟ್ಟು ಎದ್ದ. ನನ್ನನ್ನು ಬೀದಿಯವರೆಗೆ ಬಿಡಲು ಬಂದವನು ಮೆಲ್ಲಗೆ ಕೇಳಿದ: "ಅಮ್ಮಾ, ಆವತ್ತು ಸಂಜೇನೇ ಕಲ್ಲೆತ್ತಿ ಹಾಕ್ಬಿಡ್ಬೇಕಿತ್ತಾ ನಾನು?" ಇದಕ್ಕೆ ಉತ್ತರ ನಿಮಗೆ ಹೊಳೆದರೆ ತಿಳಿಸಿ.

ಇಷ್ಟೇ ಆಗಿದ್ದರೆ ಅರ್ಜಿ ಬರೆದು ನಿಮ್ಮ ಗುಮಾಸ್ತರ ಕೈಗೆ ಕೊಟ್ಟು ಸುಮ್ಮನಿರುತ್ತಿದ್ದೆ. ಊರೆಲ್ಲ ಓದಲೆಂದು ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಬೇರೆ.

ಕಳೆದ ಗುರುವಾರ ಬೆಳಗಿನ ಮಂಜಿನಲ್ಲಿ ಮತ್ತೊಂದು ಹೆರಿಗೆಗೆ ಅದೇ ದಾರಿಯಲ್ಲಿ ಹೋದೆ. ಡ್ರೈವರು ಬೇರೆ. ಅವನ ಹೆಸರು ಹೇಳುವುದಿಲ್ಲ. ನಿಮಗೆ ಇನ್ನೊಬ್ಬ ಆರೋಪಿಯನ್ನು ಒದಗಿಸುವ ಆಸೆ ನನಗಿಲ್ಲ. ಅದೇ ತಿರುವಿನಲ್ಲಿ ಏನೋ ಮೋಟಾರಿಗೆ ಬಡಿದು ಪಕ್ಕಕ್ಕೆ ಸಿಡಿಯಿತು. ಗಾಡಿ ನಿಲ್ಲಲಿಲ್ಲ. "ನಿಲ್ಸಪ್ಪಾ, ನಿಲ್ಸು!" ಎಂದು ಕೂಗಿದೆ.

"ಸುಮ್ನಿರಿ ನರ್ಸಮ್ಮ. ಜಿಂಕೆ ಇರ್ಬೇಕು. ಧರ್ಮರಾಜನ ಗತಿ ನಂಗೂ ಬೇಕಾ?"

"ಜಿಂಕೆ ಅಂತ ಹೆಂಗೆ ಗೊತ್ತು? ನೋಡಿದ್ಯಾ?"

"ನೋಡಿಲ್ಲ. ನೋಡೋದೂ ಬೇಡ."

ಮಾರನೆಯ ದಿನ ಜಟಕಾ ಹಿಡಿದು ಹೋದೆ. ರಸ್ತೆಯಲ್ಲಿ ರಕ್ತ ಒಣಗಿತ್ತು. ಪೊದೆ ಮುರಿದಿತ್ತು. ಕಾಡಿನೊಳಕ್ಕೆ ಎಳೆದುಕೊಂಡು ಹೋದಂತೆ ಗುರುತಿತ್ತು. ಅಪ್ಪಣೆಯಿಲ್ಲದೆ ಒಳಗೆ ಕಾಲಿಟ್ಟರೆ ಕೇಸಾಗುತ್ತದೆಂದು ಜಟಕಾದವನು ನನಗೆ ಅಡ್ಡ ನಿಂತು ತಡೆದ. ಆ ಕಡೆಯ ಹೆಂಗಸರು ಸೌದೆ ಆಯಲು ಬರುವುದು ಬೆಳಗಿನ ಹೊತ್ತು. ಎರಡು ಹಳ್ಳಿಗಳಲ್ಲಿ ವಿಚಾರಿಸಿದೆ, ಯಾರೂ ಕಾಣೆಯಾಗಿಲ್ಲವಂತೆ. ಇನ್ನೂ ನಾಲ್ಕು ಹಳ್ಳಿಗಳಿವೆ. ನನಗೆ ನಿದ್ದೆಯಿಲ್ಲ.

ಧರ್ಮರಾಜುವಿನ ಮೊಕದ್ದಮೆ ವಾಪಸು ಪಡೆಯಿರಿ. ಬಡಿದವನು ಬಂದು ಹೇಳಿದರೆ ಅವನು ಅಪರಾಧಿಯಲ್ಲವೆಂದು ಪ್ರಕಟಿಸಿರಿ. ಭಾನುವಾರವೂ ಒಂದು ಪ್ರಾಣಿಯ ನೋವು ಮುಗಿಸುವ ಹುಕುಮನ್ನು ಚೌಕಿಯವನಿಗೆ ಕೊಡಿರಿ. ಇವೆಲ್ಲಕ್ಕೂ ನಿಮ್ಮ ಕಚೇರಿಯ ನಿಧಾನ ನಡೆದೀತು. ಆದರೆ ಒಂದಕ್ಕೆ ನಡೆಯದು: ಈ ಪತ್ರ ಓದಿದ ದಿನವೇ ನಾಲ್ಕು ಜನರನ್ನು ಆ ತಿರುವಿಗೆ ಕಳುಹಿಸಿ, ಪೊದೆಯ ಹಿಂದೆ ಇರುವುದು ಏನೆಂದು ನೋಡಿಸಿರಿ. ಅದು ಜಿಂಕೆಯೇ ಆಗಿರಲೆಂದು ನಾನು ಮೂರು ದಿನದಿಂದ ದೇವರನ್ನು ಬೇಡುತ್ತಿದ್ದೇನೆ. ಒಂದು ಮೂಕಪ್ರಾಣಿ ಸತ್ತಿರಲಿ ಎಂದು ಬೇಡುವ ಸ್ಥಿತಿಗೆ ನನ್ನನ್ನು ತಂದದ್ದು ನಿಮ್ಮ ಕಾನೂನು.

ಇಂತಿ,
ಆರೋಪಪಟ್ಟಿಯಲ್ಲಿ ಬಿಟ್ಟುಹೋದ ಹೆಸರಿನವಳು,
ಹೆರಿಗೆಯ ನರ್ಸು ಚೂಡಾಮಣಿ